ದೂರದ ಸವಾರಿಗೆ ಚರ್ಮದ ಸೀಟು: ನಮ್ಮ ಮೈಗೆ, ಮಲೆನಾಡಿನ ಮಳೆಗೆ ಯಾವುದು ಒಗ್ಗುತ್ತದೆ?

ತುಂಗೆಯ ದಡ (ತೀರ್ಥಹಳ್ಳಿ):

ಎಲ್ಲರಿಗೂ ನಮಸ್ಕಾರ. ಬರುವ ಚಳಿಗಾಲದಲ್ಲಿ 200 ಕಿ.ಮೀ. ಬ್ರೆವೆಯೊಂದನ್ನು (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಪೂರೈಸಬೇಕೆಂಬ ಆಸೆಯಿಂದ ಅಭ್ಯಾಸ ನಡೆಸಿದ್ದೇನೆ. ಹದಿಮೂರೂವರೆ ಗಂಟೆಯ ಗಡುವು ನನಗೆ ಭಯ ಹುಟ್ಟಿಸುತ್ತಿಲ್ಲ. ಅಷ್ಟು ಹೊತ್ತು ಸೀಟಿನ ಮೇಲೆ ಕೂತಿರುವುದು ಹೇಗೆಂಬುದೇ ಚಿಂತೆಯಾಗಿದೆ. ಭಾನುವಾರಗಳಂದು ಮಂಡಗದ್ದೆ, ಗಾಜನೂರು ಮಾರ್ಗವಾಗಿ ಶಿವಮೊಗ್ಗಕ್ಕೆ ಹೋಗಿ ಬರುತ್ತೇನೆ. ಒಟ್ಟು ಸುಮಾರು 120 ಕಿ.ಮೀ. ಆಗುತ್ತದೆ. ಕಾಲಿಗಾಗಲಿ ಉಸಿರಿಗಾಗಲಿ ತೊಂದರೆಯಿಲ್ಲ. ಆದರೆ ಮರಳುವಾಗ ಮಂಡಗದ್ದೆ ದಾಟುವ ಹೊತ್ತಿಗೆ ಕೂರುವ ಜಾಗದಲ್ಲಿ ಉರಿ ಹತ್ತುತ್ತದೆ, ತೊಡೆಸಂದಿಯಲ್ಲಿ ಜೋಮು ಹಿಡಿಯುತ್ತದೆ. ಸೈಕಲ್ಲಿನ ಜೊತೆಗೆ ಬಂದ ಸೀಟು ದಪ್ಪ ಫೋಮಿನದು. ಅದರ ಮೇಲೆ ಜೆಲ್ ಕವರನ್ನೂ ಹಾಕಿದ್ದೇನೆ.

ಚರ್ಮದ ಸೀಟು ಹಾಕಿಸಿಕೊಂಡರೆ ಈ ಕಷ್ಟ ತಪ್ಪುತ್ತದೆಂದು ಕೆಲವರು, ಅದು ಕಲ್ಲಿನಂತಿರುತ್ತದೆ, ನಮ್ಮ ಮಳೆಗೆ ಬಾಳುವುದಿಲ್ಲವೆಂದು ಇನ್ನು ಕೆಲವರು ಹೇಳುತ್ತಾರೆ. ಬೆಲೆ ಕಡಿಮೆಯದಲ್ಲವಾದ್ದರಿಂದ ತಿಳಿದವರನ್ನು ಕೇಳಿಯೇ ತೀರ್ಮಾನಿಸೋಣವೆಂದು ಬರೆಯುತ್ತಿದ್ದೇನೆ.

ಗಾಜನೂರು ಹಾದಿ (ಶಿವಮೊಗ್ಗ):

ನಮಸ್ಕಾರ. ಮೊದಲು ಆ ಜೆಲ್ ಕವರನ್ನು ತೆಗೆದಿಡಿ. ಅರ್ಧ ಗಂಟೆಯ ಸವಾರಿಗೆ ಮೆತ್ತನೆಯದು ಹಿತವಾಗಿರುತ್ತದೆ, ನಿಜ. ಆದರೆ ನಾವು ಕೂತಾಗ ದೇಹದ ಭಾರವನ್ನು ಹೊರಬೇಕಾದವು ಸೊಂಟದ ತಳಭಾಗದಲ್ಲಿರುವ ಎರಡು ಮೂಳೆಗಳು. ತೀರಾ ಮೆತ್ತನೆಯ ಸೀಟಿನಲ್ಲಿ ಆ ಎರಡೂ ಮೂಳೆಗಳು ಫೋಮಿನೊಳಗೆ ಇಳಿದುಹೋಗಿ, ಅವುಗಳ ನಡುವಿನ ಫೋಮು ಮೇಲಕ್ಕೆ ಉಬ್ಬಿ ನರ ಮತ್ತು ರಕ್ತನಾಳಗಳಿರುವ ಮೃದು ಭಾಗವನ್ನು ಒತ್ತುತ್ತದೆ. ನೀವು ಹೇಳುವ ಜೋಮು ಹೆಚ್ಚಾಗಿ ಅಲ್ಲಿಂದಲೇ ಬರುವುದು. ಇಳಿದು ನಡೆದಾಡಿದ ಮೇಲೂ ಅದು ಹೋಗದಿದ್ದರೆ, ಅಥವಾ ಮರುದಿನವೂ ಉಳಿದರೆ, ಸೀಟಿನ ಮಾತನ್ನು ಬದಿಗಿಟ್ಟು ವೈದ್ಯರನ್ನು ಕಾಣಬೇಕು.

ಚರ್ಮದ ಸೀಟಿನ ರಚನೆ ಬೇರೆ. ಅದರಲ್ಲಿ ಫೋಮೂ ಇಲ್ಲ, ಕೆಳಗೆ ಗಟ್ಟಿ ತಳವೂ ಇಲ್ಲ. ಹಿಂದೆ ಬಾಗಿದ ಒಂದು ಉಕ್ಕಿನ ಪಟ್ಟಿ, ಮುಂದೆ ಮೂತಿಯ ಬಳಿ ಇನ್ನೊಂದು ತುಂಡು, ಅವೆರಡರ ನಡುವೆ ರಿವೆಟ್ ಹೊಡೆದು ಬಿಗಿದು ನಿಲ್ಲಿಸಿದ ದಪ್ಪ ದನದ ಚರ್ಮ. ಜೋಲಿಯ ಹಾಗೆ ಅದು ಎರಡು ತುದಿಗಳಿಂದ ತೂಗಿಕೊಂಡಿರುತ್ತದೆ. ದಿನ ಕಳೆದಂತೆ ನಿಮ್ಮ ಮೂಳೆಗಳು ಕೂರುವ ಜಾಗದಲ್ಲಿ ಎರಡು ಸಣ್ಣ ತಗ್ಗುಗಳು ಬೀಳುತ್ತವೆ. ಉಳಿದ ಭಾಗ ಬಿಗಿಯಾಗಿಯೇ ಉಳಿಯುತ್ತದೆ. ಈ ಒಗ್ಗುವಿಕೆಗೆ ಕೆಲವು ನೂರು ಕಿಲೋಮೀಟರು ಬೇಕು. ತೂಕ ಹೆಚ್ಚಿದ್ದವರಿಗೆ ಬೇಗ, ಸಣಕಲು ಮೈಯವರಿಗೆ ನಿಧಾನ.

ಆದರೆ ಅಗಲ ತಪ್ಪಿದ್ದರೆ ಎಷ್ಟು ಕಿಲೋಮೀಟರು ತುಳಿದರೂ ಅದು ಒಗ್ಗುವುದಿಲ್ಲ. ಆದ್ದರಿಂದ ಕಂಪನಿ, ಬಣ್ಣ, ಬೆಲೆ ಎಲ್ಲಕ್ಕಿಂತ ಮೊದಲು ಅಳತೆ ತೆಗೆಯಿರಿ. ಒಳಗೆ ಅಲೆಯಲೆಯಾದ ಪದರವಿರುವ ರಟ್ಟಿನ ಪೆಟ್ಟಿಗೆಯ ತುಂಡೊಂದನ್ನು ಗಟ್ಟಿಯಾದ ಮರದ ಮಣೆಯ ಮೇಲೆ ಹಾಕಿ, ತೆಳು ಬಟ್ಟೆಯಲ್ಲಿ ಅದರ ಮೇಲೆ ಕೂತು, ಹ್ಯಾಂಡಲ್ ಹಿಡಿದಂತೆ ಮುಂದಕ್ಕೆ ಬಾಗಿ, ಹಿಮ್ಮಡಿ ಸ್ವಲ್ಪ ಎತ್ತಿ ಒಂದು ನಿಮಿಷ ಹಾಗೆಯೇ ಇರಿ. ಎದ್ದ ಮೇಲೆ ರಟ್ಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಎರಡು ತಗ್ಗುಗಳು ನೆರಳಾಗಿ ಕಾಣುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ. ದೊಡ್ಡವರಲ್ಲಿ ಅದು ಸಾಮಾನ್ಯವಾಗಿ 100ರಿಂದ 140 ಮಿ.ಮೀ. ಒಳಗೆ ಬರುತ್ತದೆ. ಮುಂದೆ ಬಾಗಿ ತುಳಿಯುವವರು ಇದಕ್ಕೆ 20-30 ಮಿ.ಮೀ. ಸೇರಿಸಿಕೊಳ್ಳುವುದು ರೂಢಿ. ನೆಟ್ಟಗೆ ಕೂರುವವರಿಗೆ ಇನ್ನೂ ಹೆಚ್ಚು ಅಗಲ ಬೇಕು, ಏಕೆಂದರೆ ನೆಟ್ಟಗೆ ಕೂತಷ್ಟೂ ಭಾರ ಹಿಂದಕ್ಕೆ ಸರಿಯುತ್ತದೆ.

ಚರ್ಮದ ಸೀಟಿನಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅಂಗಡಿಯವರು ಇದನ್ನು ಹೇಳುವುದಿಲ್ಲ. ಹಿಂಬದಿಯ ಅಂಚಿನ ಕೆಳಗೆ ಉಕ್ಕಿನ ಪಟ್ಟಿ ಇರುವುದರಿಂದ ಆ ಭಾಗ ಎಂದಿಗೂ ಬಾಗುವುದಿಲ್ಲ. ಮೂಳೆ ಆ ಪಟ್ಟಿಯ ಮೇಲೆ ಬಂದರೆ ನರಕ. ಹಾಗಾಗಿ ಪೆಟ್ಟಿಗೆಯ ಮೇಲೆ ಬರೆದ ಅಗಲವೆಲ್ಲ ಕೂರಲು ಸಿಗುವ ಅಗಲವಲ್ಲ. ಎರಡೂ ಬದಿಯಲ್ಲಿ ಬೆರಳಗಲ ಕಳೆದು ಲೆಕ್ಕ ಹಾಕಬೇಕು. 20-30 ಮಿ.ಮೀ. ರೂಢಿಗಿಂತ ಚರ್ಮದ ಸೀಟು ಇನ್ನಷ್ಟು ಅಗಲವಿರಲಿ ಎಂದು ನಾನು ಹೇಳುವುದು ಇದಕ್ಕಾಗಿ.

ಭದ್ರಾ ಕಾಲುವೆ (ಭದ್ರಾವತಿ):

ನಮ್ಮಜ್ಜನ ಕಾಲದ ರ್‍ಯಾಲಿ ಸೈಕಲ್ಲಿನ ಚರ್ಮದ ಸೀಟು, ಹಿಂದೆ ದಪ್ಪ ಸ್ಪ್ರಿಂಗುಗಳಿರುವುದು, ಅಟ್ಟದಲ್ಲಿದೆ. ಅದನ್ನೇ ಸರಿಮಾಡಿಸಿ ಹೊಸ ಸೈಕಲ್ಲಿಗೆ ಹಾಕಬಹುದೇ? ಹೊಸದನ್ನು ಕೊಳ್ಳುವ ಖರ್ಚು ಉಳಿದೀತು.

ವರದಾಮೂಲ (ಸಾಗರ):

ಭದ್ರಾವತಿಯವರಿಗೆ: ಸೀಟನ್ನು ತಿರುಗಿಸಿ ಒಳಮೈ ನೋಡಿ. ಉಗುರಿನಿಂದ ಕೆರೆದರೆ ಕೆಂಪು ಪುಡಿ ಉದುರುವುದಾದರೆ ಚರ್ಮದ ನಾರು ಸತ್ತುಹೋಗಿದೆ, ಯಾವ ಎಣ್ಣೆಯೂ ಅದನ್ನು ಬದುಕಿಸುವುದಿಲ್ಲ. ಮೂತಿಯ ರಿವೆಟ್ಟುಗಳ ಸುತ್ತ ಕೂದಲೆಳೆಯಷ್ಟು ಬಿರುಕಿದ್ದರೂ ಬೇಡ. ಬಿಗಿ ಬೀಳುವುದು ಅಲ್ಲಿಯೇ, ಹರಿಯುವುದೂ ಅಲ್ಲಿಂದಲೇ. ಚರ್ಮ ಗಟ್ಟಿಯಾಗಿ ಉಳಿದಿದ್ದರೆ ಅದೇ ಹಳೆಯ ಸೈಕಲ್ಲಿಗೆ ಹಾಕಿ ಊರೊಳಗೆ ಓಡಾಡಲು ಚೆನ್ನಾಗಿರುತ್ತದೆ. ಅದು ನೆಟ್ಟಗೆ ಕೂರುವ ಸವಾರನಿಗೆಂದು ಮಾಡಿದ ಅಗಲದ ಸೀಟು. ಬಾಗಿ ತುಳಿಯುವ ಸೈಕಲ್ಲಿನಲ್ಲಿ ಅದರ ಅಂಚು ತೊಡೆಯ ಒಳಮೈಯನ್ನು ಉಜ್ಜುತ್ತದೆ.

ಇನ್ನು ಚರ್ಮದ ಬಗ್ಗೆ. ಚರ್ಮದ ಕೆಲಸವನ್ನು ಹತ್ತಿರದಿಂದ ಕಂಡವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹದ ಮಾಡುವುದರಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಕ್ರೋಮಿಯಂ ಲವಣದಿಂದ ಮಾಡಿದ್ದು ಬೇಗ ಆಗುತ್ತದೆ, ಮೃದುವಾಗಿರುತ್ತದೆ, ಎಳೆದರೆ ಹಿಗ್ಗುತ್ತದೆ. ಚಪ್ಪಲಿಯ ಮೇಲ್ಭಾಗಕ್ಕೆ, ಚೀಲಕ್ಕೆ, ಸೋಫಾಕ್ಕೆ ಅದು ಸರಿ. ಮರದ ತೊಗಟೆ, ಕಾಯಿಗಳ ಒಗರಿನಿಂದ ಹದ ಮಾಡಿದ್ದು ವಾರಗಟ್ಟಲೆ ಹಿಡಿಯುತ್ತದೆ, ಗಟ್ಟಿಯಾಗಿರುತ್ತದೆ, ಕೊಟ್ಟ ಆಕಾರವನ್ನು ಉಳಿಸಿಕೊಳ್ಳುತ್ತದೆ. ನಮ್ಮ ಕಾಡಿನ ಅಳಲೆಕಾಯಿಯೂ ಬಯಲುಸೀಮೆಯ ತಂಗಡಿ ಗಿಡದ ತೊಗಟೆಯೂ ಈ ಕೆಲಸಕ್ಕೆ ಹಿಂದಿನಿಂದ ಬಳಕೆಯಲ್ಲಿವೆ. ತೂಗುವ ಸೀಟಿಗೆ ಈ ಎರಡನೆಯ ಬಗೆಯ ಚರ್ಮವೇ ಆಗಬೇಕು. ಕ್ರೋಮ್ ಚರ್ಮದಲ್ಲಿ ತೂಗುವ ಸೀಟು ಮಾಡಿದರೆ ಅದು ಜೋತುಬೀಳುತ್ತದೆ.

ಕೊಳ್ಳುವಾಗ ಗುರುತಿಸುವ ಬಗೆ: ಕತ್ತರಿಸಿದ ಅಂಚನ್ನು ನೋಡಿ. ಅಂಚಿನ ನಡುವೆ ನೀಲಿ-ಬೂದು ಬಣ್ಣ ಕಂಡರೆ ಅದು ಕ್ರೋಮ್. ಮೇಲಿನಿಂದ ಕೆಳಗಿನವರೆಗೆ ಕಂದು ಬಣ್ಣವೇ ಇದ್ದು, ನಾರು ಒತ್ತಾಗಿದ್ದರೆ ಒಳ್ಳೆಯದು. ಅಂಚಿನಲ್ಲಿ ಪ್ಲಾಸ್ಟಿಕ್ಕಿನ ಪೊರೆ ಎದ್ದು ಕಂಡರೆ, ಅದು ಸೀಳಿದ ಚರ್ಮದ ಮೇಲೆ ಬಣ್ಣದ ಪದರ ಅಂಟಿಸಿದ್ದು. ನಡುಭಾಗವನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ: ಹೊಸ ಸೀಟು ಅಷ್ಟಾಗಿ ಬಗ್ಗಬಾರದು. ಅಂಗಡಿಯಲ್ಲೇ ಮೆತ್ತಗಿರುವ ಚರ್ಮದ ಸೀಟು ವರ್ಷದೊಳಗೆ ಕುಸಿಯುತ್ತದೆಂದು ತಿಳಿಯಿರಿ.

ದೇಶದಲ್ಲೇ ತಯಾರಾಗುವ ಚರ್ಮದ ಸೀಟುಗಳೂ ಅಂತರ್ಜಾಲದ ಅಂಗಡಿಗಳಲ್ಲಿವೆ, ಬೆಲೆ ಕಡಿಮೆ. ನಾನು ಅವನ್ನು ತಳ್ಳಿಹಾಕುವುದಿಲ್ಲ. ಆದರೆ ಚಿತ್ರ ನೋಡಿ ಚರ್ಮವನ್ನು ಅಳೆಯಲಾಗದು. ಮರಳಿಸುವ ಅವಕಾಶವಿದ್ದರೆ ಮಾತ್ರ ತರಿಸಿ, ಬಂದ ದಿನವೇ ಅಂಚು, ಒಳಮೈ, ರಿವೆಟ್ಟುಗಳನ್ನು ಪರೀಕ್ಷಿಸಿ.

ಆಗುಂಬೆ ಘಾಟಿ (ಆಗುಂಬೆ):

ಎಲ್ಲರೂ ಚರ್ಮವನ್ನು ಹೊಗಳುತ್ತಿರುವಾಗ ಮಳೆಯ ಕಡೆಯಿಂದ ನಾನೊಂದು ಮಾತು ಹೇಳಲೇಬೇಕು. ನಮ್ಮಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ಬೆಲ್ಟು, ಚಪ್ಪಲಿ, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಚರ್ಮದ ಸೀಟನ್ನು ಬಿಡುತ್ತದೆಯೇ? ನೆನೆದ ಚರ್ಮದ ಮೇಲೆ ಕೂತು ತುಳಿದರೆ ಅದು ಹಿಗ್ಗಿ, ಹಿಗ್ಗಿದ ಆಕಾರದಲ್ಲೇ ಒಣಗುತ್ತದೆ. ಮಳೆಗಾಲದಲ್ಲೂ ಸೈಕಲ್ ನಿಲ್ಲಿಸದವರಿಗೆ ಚರ್ಮ ತಕ್ಕುದಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಚರ್ಮದ ಸೀಟಿಗೆ ಹೆಸರಾದ ಇಂಗ್ಲೆಂಡಿನ ಬ್ರೂಕ್ಸ್‌ ಕಂಪನಿಯವರೇ ಕ್ಯಾಂಬಿಯಂ ಎಂಬ ಹೆಸರಿನಲ್ಲಿ ನೈಸರ್ಗಿಕ ರಬ್ಬರಿನ ಮೇಲ್ಮೈಯುಳ್ಳ ಸೀಟು ಮಾಡುತ್ತಾರೆ. ಅದೂ ಎರಡು ತುದಿಗಳ ನಡುವೆ ತೂಗುವ ರಚನೆಯದೇ. ಎಣ್ಣೆ, ಮೇಣ ಬೇಡ, ಒಗ್ಗಿಸುವ ಕಾಲವೂ ಬೇಡ. ಎಲ್ಲ ಹವಾಮಾನಕ್ಕೆಂದು ಮಾಡಿದ ಮಾದರಿಗೆ ಮೇಲೆ ನೈಲಾನ್ ಬಟ್ಟೆ ಇರುತ್ತದೆ. ಪ್ರಾಣಿಯ ಚರ್ಮದ ಮೇಲೆ ಕೂರಲು ಮನಸ್ಸೊಪ್ಪದ ಸವಾರರು ನಮ್ಮ ಕಡೆ ಹಲವರಿದ್ದಾರೆ. ಅವರಿಗೂ ಇದು ದಾರಿ.

ಗಾಜನೂರು ಹಾದಿ (ಶಿವಮೊಗ್ಗ):

ಆಗುಂಬೆಯವರ ಮಾತು ಆಗುಂಬೆಗೆ ನೂರಕ್ಕೆ ನೂರು ಸರಿ. ಘಟ್ಟದ ಅಂಚಿನಲ್ಲಿದ್ದುಕೊಂಡು ಮಳೆಗಾಲದಲ್ಲೂ ದಿನನಿತ್ಯ ತುಳಿಯುವವರು ರಬ್ಬರಿನದನ್ನೇ ಕೊಳ್ಳಲಿ. ಆದರೆ ಶಿವಮೊಗ್ಗದ ಕಡೆ ಬಂದಂತೆ ಮಳೆ ಬಹಳ ಕಡಿಮೆಯಾಗುತ್ತದೆ, ಮತ್ತು ನಮ್ಮಲ್ಲಿ ಬಹುತೇಕರ ದೂರದ ಸವಾರಿಗಳು ದಸರೆಯ ನಂತರ ಆರಂಭವಾಗಿ ಮುಂಗಾರಿಗೆ ಮೊದಲು ಮುಗಿಯುತ್ತವೆ. ಆ ತಿಂಗಳುಗಳಲ್ಲಿ ಚರ್ಮಕ್ಕೆ ಸಮನಾದುದನ್ನು ನಾನು ಕಂಡಿಲ್ಲ. ರಬ್ಬರಿನ ಸೀಟು ಎಲ್ಲರಿಗೂ ಒಂದೇ ಆಕಾರದಲ್ಲಿ ಬಾಗುತ್ತದೆ. ಚರ್ಮ ಒಬ್ಬರ ಮೈಗೆ ಮಾತ್ರ ಒಗ್ಗುತ್ತದೆ. ಸೆಕೆಯ ದಿನ ಬೆವರನ್ನು ಹೀರಿಕೊಂಡು ಹೊರಬಿಡುವ ಗುಣವೂ ಅದಕ್ಕಿದೆ.

ಮಳೆಯ ವಿಚಾರದಲ್ಲಿ ಜನ ಮೇಲಿನಿಂದ ಬೀಳುವ ನೀರನ್ನಷ್ಟೇ ನೋಡುತ್ತಾರೆ. ಸೀಟನ್ನು ಹಾಳುಮಾಡುವುದು ಹೆಚ್ಚಾಗಿ ಕೆಳಗಿನ ನೀರು. ಸವಾರಿಯಲ್ಲಿರುವಾಗ ಮೇಲ್ಮೈಯನ್ನು ನಿಮ್ಮ ಮೈಯೇ ಮುಚ್ಚಿರುತ್ತದೆ, ಮೇಲ್ಮೈಗೆ ಮೇಣದ ರಕ್ಷಣೆಯೂ ಇರುತ್ತದೆ. ಹಿಂಚಕ್ರ ಎರಚುವ ಕೆಸರುನೀರು ಮಾತ್ರ ನೇರವಾಗಿ ಒಳಮೈಯ ಬಿಚ್ಚುನಾರಿಗೆ ಹೋಗಿ ಸೇರುತ್ತದೆ. ಆದ್ದರಿಂದ ಚರ್ಮದ ಸೀಟು ಹಾಕುವವರು ಪೂರ್ಣ ಉದ್ದದ ಮಡ್‌ಗಾರ್ಡ್ ಹಾಕಿಸಲೇಬೇಕು. ಸೀಟಿನ ಹಿಂದೆ ಚೀಲ ಕಟ್ಟಿದರೂ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಸೈಕಲ್ ನಿಲ್ಲಿಸಿದಾಗ ಪ್ಲಾಸ್ಟಿಕ್ ಕವರು ಹಾಕಿ, ಮನೆಗೆ ಬಂದೊಡನೆ ತೆಗೆಯಿರಿ. ರಾತ್ರಿಯಿಡೀ ಹಾಗೆಯೇ ಬಿಟ್ಟರೆ ಬೂಷ್ಟಿಗೆ ನಾವೇ ಮನೆ ಕಟ್ಟಿಕೊಟ್ಟಂತಾಗುತ್ತದೆ.

ವರದಾಮೂಲ (ಸಾಗರ):

ಗಾಜನೂರಿನವರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಮಲೆನಾಡಿನ ಮನೆಗಳಲ್ಲಿ ಒದ್ದೆಯಾದದ್ದನ್ನೆಲ್ಲ ಬಚ್ಚಲೊಲೆಯ ಹತ್ತಿರವೋ ಹೊಗೆ ಅಟ್ಟದ ಮೇಲೋ ಇಡುವುದು ರೂಢಿ. ಚರ್ಮದ ಸೀಟನ್ನು ದಯವಿಟ್ಟು ಹಾಗೆ ಇಡಬೇಡಿ. ತೊಗಟೆಯಿಂದ ಹದ ಮಾಡಿದ ಚರ್ಮ ಒದ್ದೆಯಿರುವಾಗ ಸುಮಾರು 70-80 ಡಿಗ್ರಿ ಸೆಲ್ಸಿಯಸ್ ಶಾಖ ತಗುಲಿದರೆ ಅದರ ನಾರು ಮುದುಡಿಕೊಂಡು ಮರದಂತಾಗುತ್ತದೆ, ಮತ್ತೆ ಮೊದಲಿನ ಹದಕ್ಕೆ ಬರುವುದಿಲ್ಲ. ಜಗಲಿಯಲ್ಲಿ ಗಾಳಿಯಾಡುವ ಕಡೆ ನೆರಳಿನಲ್ಲಿಟ್ಟು ಎರಡು ಮೂರು ದಿನ ನಿಧಾನವಾಗಿ ಒಣಗಿಸಿ. ಬೂಷ್ಟು ಬಂದಿದ್ದರೆ ಅಂಗಳಕ್ಕೆ ಒಯ್ದು ಒಣಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ತೆಳುವಾಗಿ ಮೇಣ ಸವರಿ. ಒದ್ದೆ ಚರ್ಮ ತುಕ್ಕು ಹಿಡಿದ ಕಬ್ಬಿಣಕ್ಕೆ ತಾಗಿದರೆ ಅದರಲ್ಲಿರುವ ಒಗರು ಕಬ್ಬಿಣದೊಂದಿಗೆ ಸೇರಿ ಕಪ್ಪು ಕಲೆ ಮೂಡಿಸುತ್ತದೆ. ಅದನ್ನು ಬೂಷ್ಟೆಂದು ತಿಳಿದು ಉಜ್ಜುತ್ತ ಕೂರಬೇಡಿ.

ಭದ್ರಾ ಕಾಲುವೆ (ಭದ್ರಾವತಿ):

ಸೀಟಿನ ಒಳಮೈ ಕೆರೆದು ನೋಡಿದೆ, ನೀವು ಹೇಳಿದಂತೆ ಕೆಂಪು ಪುಡಿ ಉದುರಿತು. ಹೊಸದನ್ನೇ ನೋಡುತ್ತೇನೆ. ನಮ್ಮ ಮನೆಯಲ್ಲಿ ಚರ್ಮಕ್ಕೆಲ್ಲ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಹೊಸ ಸೀಟನ್ನು ಎಣ್ಣೆಯಲ್ಲಿ ನೆನೆಸಿದರೆ ಬೇಗ ಒಗ್ಗುವುದಿಲ್ಲವೇ?

ವರದಾಮೂಲ (ಸಾಗರ):

ಬೇಡ. ಬೇಗ ಒಗ್ಗುವುದು ನಿಜ, ಬೇಗ ಸಾಯುವುದೂ ಅಷ್ಟೇ ನಿಜ. ತೆಳುವಾದ ಎಣ್ಣೆ ಚರ್ಮದ ಆಳಕ್ಕಿಳಿದು ನಾರುಗಳನ್ನು ಜಾರುವಂತೆ ಮಾಡುತ್ತದೆ. ಚಪ್ಪಲಿಗೆ ಅದು ಬೇಕು. ಸೀಟಿಗೆ ಬಿಗಿಯೇ ಜೀವ. ಹೆಚ್ಚಾದ ಎಣ್ಣೆ ಮಳೆಗಾಲದಲ್ಲಿ ಬೂಷ್ಟಿಗೆ ಆಹಾರವೂ ಆಗುತ್ತದೆ. ಬ್ರೂಕ್ಸ್‌ನವರು ಕೊಡುವ ಪ್ರೂಫೈಡ್ ಎಂಬ ಡಬ್ಬಿಯಲ್ಲಿ ಪ್ರಾಣಿಯ ಕೊಬ್ಬು, ಮೀನೆಣ್ಣೆ, ಜೇನುಮೇಣ ಮುಂತಾದವು ಬೆರೆತಿರುತ್ತವೆ. ಅದು ಗಟ್ಟಿ ಮುಲಾಮು. ಹೊಸತರಲ್ಲಿ ಮೇಲ್ಮೈಗೂ ಒಳಮೈಗೂ ಒಮ್ಮೆ ತೆಳುವಾಗಿ ಹಚ್ಚಿ, ರಾತ್ರಿ ಬಿಟ್ಟು, ಬೆಳಿಗ್ಗೆ ಬಟ್ಟೆಯಿಂದ ತಿಕ್ಕಿ. ಆಮೇಲೆ ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಸಾಕು.

ಕೊಡಚಾದ್ರಿ ನೋಟ (ಹೊಸನಗರ):

ಇದುವರೆಗಿನ ಮಾತುಗಳೆಲ್ಲ ಗಂಡಸರ ಮೈಕಟ್ಟನ್ನು ಮುಂದಿಟ್ಟುಕೊಂಡು ಬಂದಿವೆ ಎನ್ನಿಸಿದ್ದರಿಂದ ನಾನೂ ಬರೆಯುತ್ತಿದ್ದೇನೆ. ಹೆಂಗಸರಲ್ಲಿ ಕೂರುವ ಮೂಳೆಗಳ ಅಂತರ ಸಾಮಾನ್ಯವಾಗಿ ಹೆಚ್ಚು. ಜೊತೆಗೆ ಬಾಗಿ ತುಳಿಯುವಾಗ ಸೀಟಿನ ಮೂತಿ ಮುಂಭಾಗದ ಮೃದು ಅಂಗಕ್ಕೆ ಒತ್ತುತ್ತದೆ. ಈ ನೋವನ್ನು ಹೇಳಿಕೊಳ್ಳಲು ಸಂಕೋಚಪಟ್ಟು ಸೈಕಲ್ಲನ್ನೇ ಬಿಟ್ಟ ಗೆಳತಿಯರನ್ನು ಬಲ್ಲೆ. ಅದು ಅವರ ಮೈಯ ದೋಷವಾಗಿರಲಿಲ್ಲ, ಸೀಟಿನದಾಗಿತ್ತು.

ಬ್ರೂಕ್ಸ್ ಬಿ-17 ಮಾದರಿಯಲ್ಲಿ ಮೂತಿ ಸುಮಾರು ಮೂರು ಸೆಂಟಿಮೀಟರು ಗಿಡ್ಡವಿರುವ ರೂಪವೊಂದಿದೆ, ನಡುವೆ ಉದ್ದಕ್ಕೆ ಸೀಳು ಕೊಟ್ಟ ರೂಪವೂ ಇದೆ. ಸೀಳಿರುವುದು ಒತ್ತಡವನ್ನು ಬಹಳ ಕಡಿಮೆ ಮಾಡುತ್ತದೆ. ಆದರೆ ನಡುವೆ ಕತ್ತರಿಸಿದ ಚರ್ಮದ ಎರಡು ಪಕ್ಕೆಗಳು ಕಾಲಾನಂತರ ಹೊರಕ್ಕೆ ಹರಡಿಕೊಳ್ಳುತ್ತವೆ. ಅದಕ್ಕೆಂದೇ ಕೆಳ ಅಂಚಿನಲ್ಲಿ ತೂತುಗಳಿದ್ದು, ದಾರ ಪೋಣಿಸಿ ಎರಡೂ ಪಕ್ಕೆಗಳನ್ನು ಒಳಕ್ಕೆ ಬಿಗಿಯುತ್ತಾರೆ. ನಾನು ಬಳಸುವುದು ಇದನ್ನೇ. ದಾರ ಬಿಗಿದ ಮೇಲೆ ಅಂಚು ತೊಡೆಗೆ ಉಜ್ಜುವುದು ನಿಂತಿತು.

ಬಟ್ಟೆಯ ವಿಷಯವನ್ನೂ ಹೇಳಬೇಕು. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯ ಒಳಗೆ ಒಳ ಉಡುಪು ಹಾಕಬಾರದು. ಅದರ ಹೊಲಿಗೆಯೇ ಗಾಯ ಮಾಡುತ್ತದೆ. ನಮ್ಮ ತೇವದ ಹವೆಯಲ್ಲಿ ಸವಾರಿ ಮುಗಿದೊಡನೆ ಬಟ್ಟೆ ಬದಲಿಸಿ ಮೈ ತೊಳೆದುಕೊಳ್ಳದಿದ್ದರೆ ಎಂಥ ಸೀಟಾದರೂ ಕುರುವಾಗುವುದು ತಪ್ಪುವುದಿಲ್ಲ.

ಗಾಜನೂರು ಹಾದಿ (ಶಿವಮೊಗ್ಗ):

ಮೇಡಂ, ಇದು ಬರಲೇಬೇಕಾಗಿದ್ದ ಮಾತು, ಧನ್ಯವಾದಗಳು. ಸೀಳಿರುವ ಸೀಟು ಗಂಡಸರ ಜೋಮಿಗೂ ಪರಿಹಾರವೇ.

ತುಂಗೆಯ ದಡ (ತೀರ್ಥಹಳ್ಳಿ):

ಎಲ್ಲರಿಗೂ ಋಣಿ. ಜೆಲ್ ಕವರು ತೆಗೆದೆ. ಅಷ್ಟಕ್ಕೇ ಜೋಮು ಕೊಂಚ ಇಳಿದಿದೆ. ರಟ್ಟಿನ ಮೇಲೆ ಕೂತು ಅಳೆದಾಗ ಅಂತರ 120 ಮಿ.ಮೀ. ಬಂತು. ಹ್ಯಾಂಡಲ್ ಸೀಟಿಗಿಂತ ಸ್ವಲ್ಪವೇ ಕೆಳಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ದೂರದ ಸವಾರಿ ಮಾಡುವುದಿಲ್ಲ. ಮಡ್‌ಗಾರ್ಡ್ ಹಾಕಿಸುತ್ತೇನೆ. ಬಿ-17 ಸಾಕೇ, ಸ್ಪ್ರಿಂಗ್ ಇರುವುದು ಬೇಕೇ? ನಮ್ಮ ರಸ್ತೆಗಳ ಹಂಪು, ಗುಂಡಿಗಳು ನಿಮಗೆಲ್ಲ ಗೊತ್ತೇ ಇವೆ.

ಗಾಜನೂರು ಹಾದಿ (ಶಿವಮೊಗ್ಗ):

ನಿಮ್ಮ ಅಳತೆಗೆ, ನಿಮ್ಮ ಭಂಗಿಗೆ ಬಿ-17 ಸರಿಯಾಗಿ ಹೊಂದುತ್ತದೆ. ಅದರ ಅಗಲ ಸುಮಾರು 175 ಮಿ.ಮೀ.; ಅಂಚಿನ ಉಕ್ಕಿನ ಪಟ್ಟಿಯ ಭಾಗ ಕಳೆದರೂ ನಿಮ್ಮ ಮೂಳೆಗಳು ಒಳಗೇ ಕೂರುತ್ತವೆ. ಅದೇ ಮಾದರಿಯ 151 ಮಿ.ಮೀ. ಅಗಲದ ರೂಪ ನಿಮಗೆ ಇಕ್ಕಟ್ಟಾದೀತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಹೆಚ್ಚು ಬದಲಾಗದೆ ತಯಾರಾಗುತ್ತಿರುವ ಮಾದರಿಯಿದು. ಜಾನ್ ಬೌಲ್ಟ್‌ಬೀ ಬ್ರೂಕ್ಸ್ 1866ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಚರ್ಮದ ವ್ಯಾಪಾರ ತೆರೆದವರು, 1882ರಲ್ಲಿ ಸೈಕಲ್ ಸೀಟಿಗೆ ಪೇಟೆಂಟ್ ಪಡೆದರು. 2002ರಿಂದ ಆ ಕಂಪನಿ ಇಟಲಿಯ ಸೆಲ್ಲೆ ರಾಯಲ್ ಒಡೆತನದಲ್ಲಿದೆ.

ಸ್ಪ್ರಿಂಗ್ ಇರುವ ಫ್ಲೈಯರ್ ಎಂಬ ರೂಪ ಗುಂಡಿಗಳಲ್ಲಿ ಹಿತವೇ. ಆದರೆ ಅರ್ಧ ಕಿಲೋ ತೂಗುವ ಬಿ-17ಕ್ಕಿಂತ ಅದು ಇನ್ನೂ ಭಾರ, ಏರಿನಲ್ಲಿ ಜೋರಾಗಿ ತುಳಿದಾಗ ಮೇಲೆ ಕೆಳಗೆ ತೂಗಾಡುತ್ತದೆ. ಬಾಗಿ ತುಳಿಯುವ ನಿಮಗೆ ಬೇಡ. ಟೈರನ್ನು ಒಂದು ಅಳತೆ ದಪ್ಪದ್ದು ಹಾಕಿ ಗಾಳಿ ಸ್ವಲ್ಪ ಇಳಿಸಿಕೊಂಡರೆ ಗುಂಡಿಗೆ ಅದೇ ಒಳ್ಳೆಯ ಮದ್ದು.

ಜೋಡಿಸುವಾಗ ನೋಡಬೇಕಾದವು: ಚರ್ಮ ನಡುವೆ ತಗ್ಗಿರುವುದರಿಂದ ಈ ಸೀಟನ್ನು ಪೂರ್ತಿ ಮಟ್ಟಕ್ಕಿಟ್ಟರೆ ಮೈ ಮುಂದಕ್ಕೆ ಜಾರಿ ಕೈಗಳ ಮೇಲೆ ಭಾರ ಬೀಳುತ್ತದೆ. ಮೂತಿಯನ್ನು ಕೂದಲಷ್ಟು ಮೇಲಕ್ಕೆತ್ತಿ, ಕೂತಾಗ ಹಿಂಭಾಗದಲ್ಲೇ ನೆಲೆಯಾಗಿ ಕೂರುವಂತೆ ಹೊಂದಿಸಿ. ಜೋಮು ಹೆಚ್ಚಾದರೆ ಅತಿ ಎತ್ತಿದ್ದೀರಿ ಎಂದರ್ಥ. ಮೇಡಂ ಹೇಳಿದ ತೊಂದರೆಯಿರುವವರು ಇದನ್ನು ಇನ್ನೂ ಜಾಗರೂಕತೆಯಿಂದ ಮಾಡಬೇಕು. ಎತ್ತರಕ್ಕೆ, ಪೆಡಲ್ ಕೆಳತುದಿಯಲ್ಲಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗುವಂತಿರಲಿ. ತುಳಿಯುವಾಗ ಸೊಂಟ ಅತ್ತಿತ್ತ ಆಡಿದರೆ ಸೀಟು ಎತ್ತರವಾಗಿದೆ, ಉರಿಯ ಅರ್ಧ ಕಾರಣ ಅದೇ ಇದ್ದೀತು.

ಮೂತಿಯ ಅಡಿಯಲ್ಲಿ ಚರ್ಮವನ್ನು ಬಿಗಿಯಲೆಂದು ಇರುವ ಬೋಲ್ಟನ್ನು ಮೊದಲ ತಿಂಗಳುಗಳಲ್ಲಿ ಮುಟ್ಟಬೇಡಿ. ಚರ್ಮ ಜೋತುಬಿದ್ದಿದೆಯೆಂದು ಕಣ್ಣಿಗೆ ಕಂಡಾಗ ಮಾತ್ರ ಪಾನಾದಿಂದ ಕಾಲು ಸುತ್ತು ತಿರುಗಿಸಿ, ಕೆಲವು ಸವಾರಿ ಮಾಡಿ, ಬೇಕಿದ್ದರೆ ಮತ್ತೆ ಕಾಲು ಸುತ್ತು. ಒಂದೇ ಸಲ ಬಿಗಿದರೆ ರಿವೆಟ್ಟಿನ ಬಳಿ ಹರಿಯುತ್ತದೆ.

ಇನ್ನೊಂದು, ಕೊಳ್ಳುವ ಮೊದಲೇ ನೋಡಬೇಕಾದ್ದು. ಈ ಸೀಟಿನ ಅಡಿಯ ಉಕ್ಕಿನ ಕಂಬಿಗಳಲ್ಲಿ ಹಿಡಿತಕ್ಕೆ ಸಿಗುವ ನೇರ ಭಾಗ ಕಡಿಮೆ, ಅದು ಹಿಂಬದಿಗಿದೆ. ಹಾಗಾಗಿ ಸೀಟನ್ನು ಬೇಕಾದಷ್ಟು ಹಿಂದಕ್ಕೆ ಸರಿಸಲಾಗದು. ನಿಮ್ಮ ಸೀಟ್ ಪೋಸ್ಟಿನ (ಸೀಟನ್ನು ಹೊರುವ ಕೊಳವೆ) ತಲೆ ನೆಟ್ಟಗಿದ್ದರೆ ಹಿಂದಕ್ಕೆ ಬಾಗಿದ ತಲೆಯ ಪೋಸ್ಟನ್ನೂ ಜೊತೆಗೆ ತರಿಸಬೇಕಾಗುತ್ತದೆ. ಪೋಸ್ಟಿನ ವ್ಯಾಸ ಅದರ ಕೊಳವೆಯ ಮೇಲೆಯೇ ಅಚ್ಚಾಗಿರುತ್ತದೆ. ಅದನ್ನು ನೋಡಿ ಇಲ್ಲಿ ಬರೆಯಿರಿ, ಯಾವುದು ಹೊಂದುತ್ತದೆಂದು ಹೇಳುತ್ತೇನೆ.

ತುಂಗೆಯ ದಡ (ತೀರ್ಥಹಳ್ಳಿ):

ನೋಡಿದೆ. ತಲೆ ನೆಟ್ಟಗಿದೆ, ವ್ಯಾಸ 27.2 ಎಂದಿದೆ.

ಗಾಜನೂರು ಹಾದಿ (ಶಿವಮೊಗ್ಗ):

ಹಾಗಾದರೆ ಸುಲಭ, 27.2 ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಅಳತೆ. 20-25 ಮಿ.ಮೀ. ಹಿಂದಕ್ಕಿರುವ ಪೋಸ್ಟನ್ನು ಕೇಳಿ ತರಿಸಿ. ಸೀಟು ಬಂದ ಮೇಲೆ ಮೊದಲ ಸವಾರಿಗಳನ್ನು ಮಂಡಗದ್ದೆಯವರೆಗೆ ಮಾತ್ರ ಇಟ್ಟುಕೊಂಡು, ಹೋಗುವಾಗ ಒಂದೇ ಅಲೆನ್ ಕೀಯ (ಆರು ಮೂಲೆಯ ತೂತಿರುವ ಬೋಲ್ಟನ್ನು ತಿರುಗಿಸುವ ಕೀಲಿ) ಬದಲು ಪೂರ್ತಿ ಅಲೆನ್ ಕೀ ಗೊಂಚಲನ್ನೇ ಜೇಬಿನಲ್ಲಿಟ್ಟುಕೊಳ್ಳಿ. ಓರೆ, ಎತ್ತರಗಳನ್ನು ದಾರಿಯಲ್ಲೇ ನಿಂತು ಸ್ವಲ್ಪಸ್ವಲ್ಪವೇ ತಿದ್ದಿಕೊಳ್ಳಬೇಕಾಗುತ್ತದೆ.